ನೆಟ್ಟಗೆ ನಿಂತ ಯಂತ್ರ, ಬಗ್ಗಿದ ಬೆನ್ನು

ಒಂದು ಭಾನುವಾರ ಬೆಂಗಳೂರಿನ ಗೆಳೆಯನೊಬ್ಬನ ಮನೆಯಲ್ಲಿ ಕೂತಿದ್ದೆವು. ಓದುವ ಬಳಗದ ಚರ್ಚೆ ಮುಗಿದಿತ್ತು, ಟೀ ಬರಬೇಕಿತ್ತು. ಅಷ್ಟರಲ್ಲಿ ಗೆಳೆಯ ಒಳಗಿಂದ ಒಂದು ಹಾಳೆ ತಂದು ನಮ್ಮ ಮುಂದೆ ಹರವಿದ. ಅದರ ತುಂಬ ಕಾಲಂ ಎಳೆದು ಅಂಕಿ ತುಂಬಿದ್ದ. ಮನೆಯ ಧೂಳು ಹೀರುವ, ತಂತಿಯಿಲ್ಲದೆ ಬ್ಯಾಟರಿಯಿಂದ ಓಡುವ, ನೆಟ್ಟಗೆ ನಿಲ್ಲುವ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಮೂರನ್ನು ಆರಿಸಿ ಒಂದಕ್ಕೊಂದು ಹೋಲಿಸಿದ್ದ. ‘ಯಾವುದು ತಗೊಳ್ಳೋದು, ನೀವೇ ಹೇಳ್ರಪ್ಪ’ ಅಂದ.

ನಮ್ಮಲ್ಲಿ ಕೆಲವರು ನಕ್ಕೆವು. ಭೂಮಿಯ ಪ್ರಶ್ನೆ, ಮೀಸಲಾತಿಯ ಪ್ರಶ್ನೆ ಮಾತಾಡಿ ಮುಗಿಸಿದ ಬಾಯಲ್ಲಿ ಇದೇನು ಶ್ರೀಮಂತರ ಮಾತು ಅಂತ. ಆದರೆ ಗೆಳೆಯ ನಗಲಿಲ್ಲ. ಅವನ ಮನೆತನದಲ್ಲಿ ಆಫೀಸು ಮೆಟ್ಟಿಲು ಹತ್ತಿದವನು ಅವನೇ ಮೊದಲಿಗ. ಅವನ ಅವ್ವ ಮೂವತ್ತು ವರ್ಷ ಊರ ಗೌಡರ ಅಂಗಳ ಗುಡಿಸಿ, ಕೊಟ್ಟಿಗೆ ಬಾಚಿ ಅವನನ್ನು ಓದಿಸಿದವಳು. ಈಗ ಅವನ ಜೊತೆಗಿದ್ದಾಳೆ. ಬೆನ್ನು ನೆಟ್ಟಗಾಗುವುದಿಲ್ಲ. ಆದರೂ ಬೆಳಗ್ಗೆ ಎದ್ದ ತಕ್ಷಣ ಕೈ ತಾನಾಗಿಯೇ ಪೊರಕೆಗೆ ಹೋಗುತ್ತದೆ. ‘ನಮ್ಮವ್ವ ಇನ್ನು ಪೊರಕೆ ಮುಟ್ಟಬಾರದು, ಅಷ್ಟೆ’ ಅಂದ ಗೆಳೆಯ.

‘ಸರಿ, ಯಂತ್ರ ತಂದರೆ ಅದನ್ನು ಓಡಿಸೋರು ಯಾರು?’ ಅಂತ ನಮ್ಮಲ್ಲೊಬ್ಬರು ಕೇಳಿದರು.

‘ಕೆಲಸಕ್ಕೆ ಬರೋ ಹೆಂಗಸು ಇದ್ದಾಳಲ್ಲ.’

ಆ ಹೆಂಗಸು ರಾಯಚೂರ ಕಡೆಯಿಂದ ಗುಳೆ ಬಂದವಳು. ಹತ್ತಿರದ ಶೀಟು ಮನೆಗಳಲ್ಲಿ ಇರುತ್ತಾಳೆ. ಜಾತಿ ಕೇಳಿದರೆ ನಮ್ಮ ಗೆಳೆಯನದೇ. ಅವ್ವ ಪೊರಕೆ ಅನ್ನುವುದನ್ನು ಅವಳು ಕಸಬರಿಗೆ ಅನ್ನುತ್ತಾಳೆ, ವ್ಯತ್ಯಾಸ ಅಷ್ಟೆ. ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಒಬ್ಬ ತಾಯಿಯ ಕೈಯಿಂದ ಪೊರಕೆ ಇಳಿಯಬೇಕು, ಅದಕ್ಕೆ ಇನ್ನೊಬ್ಬ ತಾಯಿಯ ಕೈಗೆ ಯಂತ್ರ ಏರಬೇಕು. ಇದು ಬಿಡುಗಡೆಯೆ? ಅಥವಾ ನಾವು ಬರೀ ಜಾಗ ಬದಲಾಯಿಸಿಕೊಂಡದ್ದೆ? ಆವತ್ತು ಎದ್ದ ಪ್ರಶ್ನೆ ಇದು. ಆಮೇಲೆ ನಮ್ಮನ್ನು ಬಿಡಲಿಲ್ಲ. ಅದಕ್ಕೇ ಈ ಬರಹ.

*

ಗೆಳೆಯರೆ, ಪೊರಕೆಯ ವಿಷಯದಲ್ಲಿ ನಮ್ಮ ಸಮಾಜ ಏನೇನು ಹೇಳಿದೆ ಅಂತ ನೆನಪಿಸಿಕೊಳ್ಳಿ. ಪೊರಕೆ ಲಕ್ಷ್ಮಿ, ಅದನ್ನು ಕಾಲಲ್ಲಿ ತುಳಿಯಬಾರದು. ಆದರೆ ನೆಂಟರ ಕಣ್ಣಿಗೆ ಬೀಳಬಾರದು, ಬಾಗಿಲ ಹಿಂದೆ ಮಲಗಿಸಿಡಬೇಕು, ನೆಟ್ಟಗೆ ನಿಲ್ಲಿಸಬಾರದು. ದೀಪ ಹಚ್ಚಿದ ಮೇಲೆ ಗುಡಿಸಬಾರದು. ಒಬ್ಬನನ್ನು ದೊಣ್ಣೆಯಲ್ಲಿ ಹೊಡೆದರೆ ಅದು ಜಗಳ, ಪೊರಕೆಯಲ್ಲಿ ಹೊಡೆದರೆ ಅವನ ಮಾನ ಹೋಯಿತು. ಪೂಜೆಯೂ ಇದೆ, ಅಸಹ್ಯವೂ ಇದೆ. ನಮಗೆ ಇದು ಹೊಸದಲ್ಲ. ದುಡಿಮೆಯನ್ನು ಹೊಗಳಿ ದುಡಿಯುವವನನ್ನು ದೂರ ಇಡುವ ಈ ವಿದ್ಯೆಯನ್ನು ಕೇರಿಯ ಜನ ಎಷ್ಟೋ ತಲೆಮಾರಿನಿಂದ ಬಲ್ಲರು. ಈಚಲು ಗರಿ ಕೊಯ್ದು ಪೊರಕೆ ಕಟ್ಟಿ ಊರೂರಿಗೆ ಹೊತ್ತು ಮಾರಿದ ಕೊರಚ ಕೊರಮರನ್ನು ಕೇಳಿ. ಅವರು ಕಟ್ಟಿದ ಪೊರಕೆ ಒಳಮನೆಯವರೆಗೂ ಹೋಯಿತು, ಅವರು ಮಾತ್ರ ಜಗುಲಿ ದಾಟಲಿಲ್ಲ.

ಪೊರಕೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕ್ರೂರವಾದ ಪುಟವನ್ನು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ನೆನಪಿಸಿದ್ದಾರೆ. ಅದು ಲಾಹೋರಿನಲ್ಲಿ ಮಾಡಲು ಬಿಡದೆ ಕೊನೆಗೆ ಪುಸ್ತಕವಾಗಿ ಬಂದ ಭಾಷಣ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನಾದವನು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತು, ತಾನು ತುಳಿದ ಧೂಳನ್ನು ತಾನೇ ಅಳಿಸುತ್ತ ಹೋಗಬೇಕಿತ್ತು. ಇಲ್ಲಿ ಪೊರಕೆ ಕಸ ಗುಡಿಸುತ್ತಿಲ್ಲ, ಒಬ್ಬ ಮನುಷ್ಯನ ಹೆಜ್ಜೆಯನ್ನೇ ಕಸವೆಂದು ಗುಡಿಸುತ್ತಿದೆ. ಧೂಳು ಧೂಳೇ. ಅದಕ್ಕೆ ಜಾತಿ ಇಲ್ಲ. ಜಾತಿ ಕಟ್ಟಿದ್ದು ಅದನ್ನು ಎತ್ತುವ ಕೈಗೆ.

ಹೀಗಿರುವಾಗ ಪೊರಕೆಗೆ ಬದಲಾಗಿ ಯಂತ್ರವೊಂದು ಬಂದು ನಡುಮನೆಯಲ್ಲಿ, ಟೀವಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ನೆಟ್ಟಗೆ ನಿಲ್ಲುತ್ತದೆ ಅಂದರೆ ಅದು ಸಣ್ಣ ಮಾತಲ್ಲ. ಬಾಗಿಲ ಹಿಂದೆ ಮಲಗಿದ್ದದ್ದು ಈಗ ಎದ್ದು ನಿಂತಿದೆ. ನೆಂಟರು ಬಂದರೆ ತೋರಿಸುತ್ತಾರೆ, ಬೆಲೆ ಹೇಳುತ್ತಾರೆ. ಕಸ ಗುಡಿಸುವ ಸಾಧನಕ್ಕೆ ಇಷ್ಟು ಮರ್ಯಾದೆ ಈ ದೇಶದಲ್ಲಿ ಹಿಂದೆ ಎಂದೂ ಸಿಕ್ಕಿರಲಿಲ್ಲ. ಆ ಮರ್ಯಾದೆಯಲ್ಲಿ ಗುಡಿಸುವವಳಿಗೆ ಎಷ್ಟು ಪಾಲು ಬಂತು ಅನ್ನುವುದೇ ನಮ್ಮ ಪ್ರಶ್ನೆ.

*

ಈ ಯಂತ್ರ ಹುಟ್ಟಿದ್ದು ಎಲ್ಲಿ, ಯಾರ ಕೈಯಲ್ಲಿ? 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳನ್ನು ಊದುವ ಬದಲು ಹೀರುವ ಯಂತ್ರ ಕಟ್ಟಿದ. ಅದು ಕುದುರೆ ಎಳೆಯುವ ಗಾಡಿಯ ಮೇಲೆ ಕೂತಿರುತ್ತಿತ್ತು. ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯಿಂದ ಕೊಳವೆ ಒಳಗೆ ಬಿಟ್ಟು, ಸಿರಿವಂತರ ರತ್ನಗಂಬಳಿಯ ಧೂಳು ಹೀರುತ್ತಿದ್ದರು. ಏಳನೆಯ ಎಡ್ವರ್ಡ್ ರಾಜನ ಪಟ್ಟಾಭಿಷೇಕಕ್ಕೆ 1902ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಗಂಬಳಿಗಳನ್ನು ಇದೇ ಯಂತ್ರ ಚೊಕ್ಕಟ ಮಾಡಿತು. ರಾಜನ ಕಾಲಡಿಯ ಧೂಳಿಗಾಗಿ ದುಡಿದ ಯಂತ್ರ ಅದು.

ಮನೆಯೊಳಗೆ ಒಬ್ಬರೇ ಹಿಡಿದು ತಳ್ಳುವ ಯಂತ್ರದ ಕತೆ ಬೇರೆ. ಅದನ್ನು ಮಾಡಿದವನು ಒಬ್ಬ ಜಾಡಮಾಲಿ. ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಟನ್ ಊರಿನ ದೊಡ್ಡ ಅಂಗಡಿಯೊಂದರಲ್ಲಿ ರಾತ್ರಿ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವನಿಗೆ ಉಬ್ಬಸ. ಗುಡಿಸಿದಾಗಲೆಲ್ಲ ಏಳುವ ಧೂಳು ಅವನ ಎದೆ ಕಟ್ಟುತ್ತಿತ್ತು. ಉಸಿರು ಉಳಿಸಿಕೊಳ್ಳಲು ಅವನೊಂದು ಹಂಚಿಕೆ ಹೂಡಿದ. ಫ್ಯಾನಿನ ಮೋಟಾರು, ಪೊರಕೆಯ ಕೋಲು, ಧೂಳು ಹಿಡಿಯಲು ತಲೆದಿಂಬಿನ ಚೀಲ, ಇಷ್ಟನ್ನು ಜೋಡಿಸಿದ. 1908ರಲ್ಲಿ ಅದಕ್ಕೆ ಪೇಟೆಂಟೂ ಪಡೆದ. ಆದರೆ ಕಾರ್ಖಾನೆ ಹಾಕುವ ಬಂಡವಾಳ ಅವನಲ್ಲಿರಲಿಲ್ಲ. ಅದೇ ವರ್ಷ ಆ ಹಕ್ಕನ್ನು ವಿಲಿಯಂ ಹೂವರ್ ಎಂಬ ವ್ಯಾಪಾರಿ ಕೊಂಡುಕೊಂಡ. ಈ ಹೂವರನ ಮೂಲ ಕಸುಬು ಕುದುರೆಗಳಿಗೆ ಚರ್ಮದ ಸಾಮಾನು ಮಾಡಿಸುವುದು. ಮೋಟಾರು ಕಾರು ಬಂದು ಕುದುರೆಯ ಕಾಲ ಮುಗಿಯುತ್ತಿದ್ದಾಗ ಅವನಿಗೆ ಈ ಯಂತ್ರ ಸಿಕ್ಕಿತು. ಸ್ಪ್ಯಾಂಗ್ಲರನಿಗೆ ರಾಯಲ್ಟಿ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಇವತ್ತಿಗೂ ಮನೆ ಗುಡಿಸುವುದಕ್ಕೆ ‘ಹೂವರ್ ಮಾಡುವುದು’ ಅನ್ನುತ್ತಾರೆ. ‘ಸ್ಪ್ಯಾಂಗ್ಲರ್ ಮಾಡುವುದು’ ಅಂತ ಯಾರೂ ಅನ್ನುವುದಿಲ್ಲ. ಗುಡಿಸುವವನ ಉಬ್ಬಸದಿಂದ ಹುಟ್ಟಿದ ಯಂತ್ರಕ್ಕೆ ಕೊಂಡವನ ಹೆಸರು ಅಂಟಿಕೊಂಡಿತು.

ಈ ಕತೆಯನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕು. ಕಸ ಗುಡಿಸುವವನಿಗೆ ತಲೆ ಇರುವುದಿಲ್ಲ ಅನ್ನುವವರಿಗೆ ಸ್ಪ್ಯಾಂಗ್ಲರ್ ಒಂದು ಉತ್ತರ. ನಮ್ಮ ಕೇರಿಗಳಲ್ಲಿ ಎಷ್ಟು ಜನ ಸ್ಪ್ಯಾಂಗ್ಲರರು ಧೂಳಲ್ಲೇ ಕೆಮ್ಮಿ ಕೆಮ್ಮಿ ಹೋದರೋ! ಅವರಿಗೆ ಮೋಟಾರು ಮುಟ್ಟುವ ಅವಕಾಶವೂ ಸಿಗಲಿಲ್ಲ, ಪೇಟೆಂಟು ಅನ್ನುವ ಮಾತೂ ಕಿವಿಗೆ ಬೀಳಲಿಲ್ಲ.

*

ಈಗ ಗೆಳೆಯನ ಹಾಳೆಗೆ ಬರೋಣ. ಅವನ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡಬೇಕಾದ್ದು ನಮ್ಮ ಕರ್ತವ್ಯ. ತತ್ವ ಹೇಳಿ ತಪ್ಪಿಸಿಕೊಳ್ಳಬಾರದು.

ಅವನು ಹೋಲಿಸಿದ ಮೂರರಲ್ಲಿ ಮೊದಲನೆಯದು ದುಬಾರಿ ಯಂತ್ರ, ನಲವತ್ತು ಸಾವಿರದ ಮೇಲೆ. ಮೋಟಾರು, ಬ್ಯಾಟರಿ, ಧೂಳಿನ ಡಬ್ಬಿ ಎಲ್ಲ ಮೇಲೆ ಹಿಡಿಯ ಹತ್ತಿರ. ಒಟ್ಟು ತೂಕ ಎರಡೂವರೆ ಮೂರು ಕಿಲೋ. ಮಂಚದ ಕೆಳಗೆ ಸಲೀಸಾಗಿ ನುಗ್ಗುತ್ತದೆ, ಎತ್ತಿ ಹಿಡಿದರೆ ಜೇಡರ ಬಲೆಗೂ ಆಗುತ್ತದೆ. ಆದರೆ ಭಾರವೆಲ್ಲ ಮುಂಗೈಗೆ. ಎರಡನೆಯದು ಅದರದೇ ಅಗ್ಗದ ತಮ್ಮ, ಹತ್ತು ಸಾವಿರದೊಳಗೆ. ಹಗುರ, ಆದರೆ ಹೀರುವ ಬಲ ಕಡಿಮೆ, ಬ್ಯಾಟರಿ ಬೇಗ ಮುಗಿಯುತ್ತದೆ. ಮೂರನೆಯದು ಮೋಟಾರನ್ನು ಬುಡದಲ್ಲಿಟ್ಟುಕೊಂಡದ್ದು. ಒಟ್ಟು ತೂಕ ಹೆಚ್ಚು, ಆದರೆ ಆ ತೂಕವನ್ನು ನೆಲ ಹೊರುತ್ತದೆ, ಕೈ ಬರೀ ತಳ್ಳಿದರೆ ಸಾಕು. ಕೈ ಬಿಟ್ಟರೂ ತಾನಾಗಿ ನಿಲ್ಲುತ್ತದೆ. ತಗ್ಗು ಮಂಚದ ಕೆಳಗೆ ಹೋಗುವುದಿಲ್ಲ, ಮೆಟ್ಟಿಲು ಹತ್ತಿಸುವಾಗ ಬೆವರಿಳಿಸುತ್ತದೆ.

ಇನ್ನು ಅಂಗಡಿಯವರು ಹೇಳುವ ಅಂಕಿಗಳು. ಹೀರುವ ಬಲವನ್ನು ಕೆಲವರು ಪಾಸ್ಕಲ್‌ನಲ್ಲಿ ಹೇಳುತ್ತಾರೆ, ಇಪ್ಪತ್ತು ಸಾವಿರ ಮೂವತ್ತು ಸಾವಿರ ಅಂತ ಕೇಳಿದರೆ ತಲೆ ತಿರುಗಬೇಕು. ಪಾಸ್ಕಲ್ ಅಂದರೆ ಬರೀ ಒತ್ತಡ. ಕೊಳವೆಯ ಬಾಯಿ ಪೂರ್ತಿ ಮುಚ್ಚಿದಾಗ ಅದು ಅತಿ ಹೆಚ್ಚು. ಆಗ ಗಾಳಿ ಹರಿಯುವುದೇ ಇಲ್ಲ, ಧೂಳೂ ಏಳುವುದಿಲ್ಲ. ನಮ್ಮ ಕೆಲವು ಭಾಷಣಗಳ ಹಾಗೆ ಒತ್ತಡ ಬಹಳ, ಕಸ ಮಾತ್ರ ಇದ್ದಲ್ಲೇ. ಒತ್ತಡವನ್ನೂ ಗಾಳಿಯ ಹರಿವನ್ನೂ ಸೇರಿಸಿ ಅಳೆಯುವುದು ಏರ್‌ವ್ಯಾಟ್. ಕೇಳುವುದಾದರೆ ಅದನ್ನು ಕೇಳಬೇಕು. ಬ್ಯಾಟರಿ ಒಂದು ಗಂಟೆ ಬರುತ್ತದೆ ಅಂದರೆ ಅದು ಎಲ್ಲಕ್ಕಿಂತ ಮೆಲ್ಲನೆಯ ವೇಗದಲ್ಲಿ. ಪೂರ್ತಿ ವೇಗದಲ್ಲಿ ಓಡಿಸಿದರೆ ಎಷ್ಟೋ ಯಂತ್ರಗಳು ಹತ್ತು ನಿಮಿಷದ ಆಸುಪಾಸಿನಲ್ಲೇ ನಿಂತುಬಿಡುತ್ತವೆ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಶಕ್ತಿ ಕಳೆದುಕೊಳ್ಳುತ್ತ ಬರುತ್ತದೆ. ಆ ಬ್ಯಾಟರಿ ಬಿಚ್ಚಲು ಬಾರದಿದ್ದರೆ ಯಂತ್ರವನ್ನೇ ಎಸೆಯಬೇಕು. ಹೆಪಾ ಅನ್ನುವ ಜಾಲರಿ ಸೂಕ್ಷ್ಮ ಧೂಳಿನಲ್ಲಿ ನೂರಕ್ಕೆ 99.9ಕ್ಕೂ ಹೆಚ್ಚು ತಡೆಯುತ್ತದೆ ಅನ್ನುತ್ತಾರೆ. ಜಾಲರಿ ನಿಜವಾದ ಹೆಪಾ ಆಗಿದ್ದು, ಯಂತ್ರದ ಕೀಲುಗಳಲ್ಲಿ ಗಾಳಿ ಸೋರದಿದ್ದರೆ ಅದು ನಿಜ. ತಿರುಗುವ ಬ್ರಷ್ಷು ಹುಟ್ಟಿದ್ದು ಗಂಬಳಿ ಬಡಿಯಲು. ನಮ್ಮ ಟೈಲ್ಸು, ರೆಡ್ ಆಕ್ಸೈಡು ನೆಲಕ್ಕೆ ಮೆತ್ತನೆಯ ಬ್ರಷ್ಷು ಸಾಕು. ಸಗಣಿ ಸಾರಿಸಿದ ನೆಲಕ್ಕೆ ಇದಾವುದೂ ಆಗದು. ನೀರು ಚೆಲ್ಲಿದ ಕಡೆ ಸಾಮಾನ್ಯ ಯಂತ್ರವನ್ನು ಓಡಿಸಲೇಬಾರದು.

ಇಷ್ಟು ಹೋಲಿಸಿ ನೋಡಿದ ಮೇಲೆ ನಮಗೊಂದು ಸಂಗತಿ ಹೊಳೆಯಿತು. ಈ ಹಾಳೆಯಲ್ಲಿ ಎಲ್ಲದಕ್ಕೂ ಕಾಲಂ ಇದೆ, ಮನುಷ್ಯರಿಗೆ ಇಲ್ಲ. ತೂಕ ಎರಡೂವರೆ ಕಿಲೋ ಅಂತ ಬರೆದಿದೆ. ಯಾರ ಮುಂಗೈಗೆ ಅಂತ ಬರೆದಿಲ್ಲ. ಒಂದು ಮನೆಯಲ್ಲಿ ಹದಿನೈದು ನಿಮಿಷ ಹಿಡಿದವಳಿಗೆ ಅದು ಹಗುರ, ದಿನಕ್ಕೆ ಆರು ಮನೆ ಗುಡಿಸುವವಳಿಗೆ? ಜಾಲರಿ ಧೂಳನ್ನೆಲ್ಲ ತಡೆಯಿತು ಸರಿ, ತಡೆದ ಧೂಳು ಎಲ್ಲಿ ಹೋಯಿತು? ಅರ್ಧ ಮುಕ್ಕಾಲು ಲೀಟರಿನ ಡಬ್ಬಿಯಲ್ಲಿ ಕೂತಿದೆ. ಡಬ್ಬಿಯನ್ನು ಯಾರೋ ಒಬ್ಬರು ತೆಗೆದುಕೊಂಡು ಹೋಗಿ ಕಸದ ಬುಟ್ಟಿಯ ಮೇಲೆ ತೆರೆಯಬೇಕು. ತೆರೆದಾಗ ಆ ಧೂಳಿನ ಮೋಡ ಒಂದೇ ಸಲ ಎದ್ದು ಒಬ್ಬರ ಮುಖಕ್ಕೆ ಹೊಡೆಯುತ್ತದೆ. ನಡುಮನೆಯಲ್ಲಿ ಕೂತವರು ಶುದ್ಧ ಗಾಳಿ ಕುಡಿದರು, ಹಿತ್ತಿಲಲ್ಲಿ ನಿಂತವಳು ಇಡೀ ಮನೆಯ ಧೂಳು ಕುಡಿದಳು. ಸ್ಪ್ಯಾಂಗ್ಲರನ ಉಬ್ಬಸ ಎಲ್ಲಿಗೂ ಹೋಗಲಿಲ್ಲ ಗೆಳೆಯರೆ, ಜಾಗ ಬದಲಾಯಿಸಿತು.

*

ಹಾಗಾದರೆ ಯಂತ್ರವೇ ಬೇಡ, ಪೊರಕೆಯೇ ಪವಿತ್ರ ಅನ್ನೋಣವೆ? ಖಂಡಿತ ಇಲ್ಲ. ಈ ಜಗಳ ನಮ್ಮಲ್ಲಿ ಹಳೆಯದು. ಗಾಂಧೀಜಿಯವರು ಆಶ್ರಮದಲ್ಲಿ ತಾವೇ ಪಾಯಿಖಾನೆ ತೊಳೆದರು, ಎಲ್ಲರೂ ತಮ್ಮ ಕೊಳೆ ತಾವೇ ತೆಗೆಯಬೇಕು ಅಂದರು. ಆ ಮಾತು ದೊಡ್ಡದು. ಅದನ್ನು ನಾವು ಗೌರವಿಸುತ್ತೇವೆ. ಆದರೆ ಜಾಡಮಾಲಿಯ ಕೆಲಸವನ್ನು ಸೇವೆ ಅಂತ ಅವರು ಹೊಗಳಿದ್ದು ನಮಗೆ ಒಪ್ಪಿಗೆಯಿಲ್ಲ. ಹೊಗಳಿಕೆಯಿಂದ ಬುಟ್ಟಿಯ ಭಾರ ಇಳಿಯುವುದಿಲ್ಲ. ಬಾಬಾಸಾಹೇಬರು 1945ರಲ್ಲಿ ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ಪುಸ್ತಕದಲ್ಲಿ ಇದನ್ನೇ ಬಿಡಿಸಿಟ್ಟರು. ಯಂತ್ರದಿಂದ ಕೇಡಾಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಫಲವನ್ನು ಕೆಲವರ ಕೈಗೆ ಕೊಟ್ಟ ಸಮಾಜದ ವ್ಯವಸ್ಥೆಯದು ಎಂಬುದು ಅವರ ವಾದ. ಪ್ರಾಣಿಯ ಹಾಗೆ ಬದುಕದೆ ಮನುಷ್ಯನ ಹಾಗೆ ಬದುಕಲು ಬಿಡುವು ಬೇಕು, ಆ ಬಿಡುವನ್ನು ಕೊಡುವುದು ಯಂತ್ರ. ಈ ವಿಷಯದಲ್ಲಿ ನಾವು ಬಾಬಾಸಾಹೇಬರ ಕಡೆ. ಬೆನ್ನು ಮುರಿಯುವ ಕೆಲಸದಲ್ಲಿ ಸೌಂದರ್ಯ ಕಾಣುವವರು ಬೇಕಾದರೆ ಒಂದು ವಾರ ಕೊಟ್ಟಿಗೆ ಬಾಚಿ ಆಮೇಲೆ ಮಾತಾಡಲಿ.

ಆದರೆ ಯಂತ್ರ ಬಂದ ಮಾತ್ರಕ್ಕೆ ಬಿಡುವು ಬರುವುದಿಲ್ಲ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ತನ್ನ ಪುಸ್ತಕವೊಂದರಲ್ಲಿ ಇದನ್ನು ತೋರಿಸಿದ್ದಾಳೆ. ಮನೆಗೆಲಸದ ಯಂತ್ರಗಳು ಬಂದವು, ಮನೆಯ ಆಳು ಹೋದಳು, ಗಂಡಸು ಮಕ್ಕಳು ಕೈಬಿಟ್ಟರು, ಆ ಕೆಲಸವೆಲ್ಲ ತಾಯಿಯೊಬ್ಬಳ ಮೇಲೆ ಬಿತ್ತು. ಮೊದಲು ವರ್ಷಕ್ಕೆ ಒಂದೆರಡು ಸಲ ಎಲ್ಲರೂ ಸೇರಿ ಗಂಬಳಿ ಹೊರಗೆ ತಂದು ಬಡಿಯುತ್ತಿದ್ದರು. ಯಂತ್ರ ಬಂದ ಮೇಲೆ ವಾರವಾರವೂ ತಾಯಿಯೇ ಅದನ್ನು ಹೀರಿ ಚೊಕ್ಕಟ ಮಾಡಬೇಕಾಯಿತು. ಚೊಕ್ಕಟದ ಅಳತೆಯೇ ಏರಿತು. ನಮ್ಮಲ್ಲಿ? ಕೇಂದ್ರ ಸರ್ಕಾರ 2019ರಲ್ಲಿ ಮಾಡಿಸಿದ ಸಮಯ ಬಳಕೆಯ ಸಮೀಕ್ಷೆ ನೋಡಿ. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಕೈಯನ್ನೇ ಹಾಕದ ಗಂಡಸರು ಈ ಲೆಕ್ಕದಲ್ಲಿ ಬರುವುದೂ ಇಲ್ಲ.

ಈ ದೇಶದಲ್ಲಿ ಇನ್ನೊಂದು ತೊಡಕಿದೆ. ಅಮೆರಿಕದಲ್ಲಿ ಯಂತ್ರ ಬಂದಾಗ ಆಳು ಹೋದಳು, ಇಲ್ಲಿ ಯಂತ್ರವೂ ಬಂತು, ಆಳೂ ಉಳಿದಳು. ಯಾಕೆ? ಯಂತ್ರಕ್ಕಿಂತ ಅವಳೇ ಅಗ್ಗ. ಕರ್ನಾಟಕದಲ್ಲಿ ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಪಡಿಸಿದ್ದು 2004ರಲ್ಲಿ. ಕಾಗದದ ಮೇಲಿನ ಆ ಕೂಲಿಯನ್ನು ಎಷ್ಟು ಮನೆಗಳು ಕೊಡುತ್ತಿವೆ ಅಂತ ನಿಮ್ಮ ಬೀದಿಯಲ್ಲೇ ವಿಚಾರಿಸಿ. ಕೆಲವು ಮನೆಗಳಲ್ಲಿ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ, ‘ಅವಳ ಕೈಗೆ ಕೊಟ್ಟರೆ ಹಾಳು ಮಾಡ್ತಾಳೆ’ ಅಂತ. ಅವಳು ಪೊರಕೆಯಲ್ಲೇ ಗುಡಿಸಬೇಕು. ಭಾನುವಾರ ಯಜಮಾನರು ಯಂತ್ರ ಹಿಡಿದು ಹತ್ತು ನಿಮಿಷ ಓಡಾಡುತ್ತಾರೆ. ಅವರ ಕೈಯಲ್ಲಿ ಅದು ವಿಜ್ಞಾನ, ಅವಳ ಕೈಯಲ್ಲಿ ಅದೇ ಕೆಲಸ ಊಳಿಗ. ಇನ್ನು ಕೆಲವು ಮನೆಗಳಲ್ಲಿ ಅವಳ ಕೈಗೇ ಯಂತ್ರ ಕೊಟ್ಟು ‘ಈಗ ಕೆಲಸ ಸಲೀಸಾಯ್ತಲ್ಲ’ ಅಂತ ಸಂಬಳ ಇಳಿಸುತ್ತಾರೆ. ಯಂತ್ರ ಉಳಿಸಿದ ಸಮಯ ಯಾರ ಖಾತೆಗೆ ಹೋಯಿತು ಅನ್ನುವುದು ಇದರಿಂದಲೇ ತಿಳಿಯುತ್ತದೆ. ಯಂತ್ರ ನಡುಮನೆಯಲ್ಲಿ ನಿಂತಿದೆ, ಅದನ್ನು ಓಡಿಸುವವಳು ಕೆಲಸದವರ ಲಿಫ್ಟಿನಲ್ಲೇ ಇಳಿದು ಹೋಗುತ್ತಾಳೆ.

ಇನ್ನೂ ಒಂದು ಮಾತು. ಶೂನ್ಯದಿಂದ ಎಳೆಯುವ ಈ ವಿದ್ಯೆಗೆ ನೂರಿಪ್ಪತ್ತು ವರ್ಷ ದಾಟಿದೆ. ನಡುಮನೆಯ ಸೋಫಾದ ಸಂದಿಯಲ್ಲಿ ಬಿದ್ದ ಬಿಸ್ಕತ್ತಿನ ಪುಡಿಯನ್ನು ಎತ್ತಲು ಅದು ಬಂದುಬಿಟ್ಟಿತು. ಚರಂಡಿಯ ಮ್ಯಾನ್‌ಹೋಲಿನ ಮುಂದೆ ಮಾತ್ರ ಇನ್ನೂ ಮನುಷ್ಯನನ್ನೇ ಇಳಿಸುವವರಿದ್ದಾರೆ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟು ಐವತ್ತು ವರ್ಷ ಕಳೆಯಿತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಚರಂಡಿಯಲ್ಲಿ ಸತ್ತವನ ಮನೆಗೆ ಹತ್ತು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರಬೇಕಾಯಿತು ಅಂದರೆ ಸಾವು ನಿಂತಿಲ್ಲ ಅಂತ ಅರ್ಥ. ಯಂತ್ರ ಇಲ್ಲದೆ ಇದು ನಡೆಯುತ್ತಿಲ್ಲ. ಯಂತ್ರವನ್ನು ಮೊದಲು ಎಲ್ಲಿಗೆ ಕಳಿಸಬೇಕು ಅನ್ನುವ ತೀರ್ಮಾನ ನಮ್ಮವರ ಕೈಯಲ್ಲಿ ಇಲ್ಲದೆ ನಡೆಯುತ್ತಿದೆ.

ಯಂತ್ರದ ಹೊಟ್ಟೆಯೊಳಗೂ ಕೈಗಳಿವೆ. ಇಂಥ ಬ್ಯಾಟರಿಗಳಲ್ಲಿ ಬಹಳಷ್ಟಕ್ಕೆ ಕೋಬಾಲ್ಟ್ ಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಆಫ್ರಿಕದ ಕಾಂಗೋ ದೇಶದಿಂದ. ಅಲ್ಲಿ ಕೈಯಿಂದ ಅಗೆಯುವ ಗುಂಡಿಗಳಲ್ಲಿ ಮಕ್ಕಳೂ ಇಳಿಯುತ್ತಾರೆ. ತಂತಿಯಿಲ್ಲದ ಯಂತ್ರಗಳಿಗೆ ಹೆಸರಾದ ಡೈಸನ್ ಕಂಪನಿ, ಕಾರ್ಮಿಕರನ್ನು ನಡೆಸಿಕೊಂಡ ರೀತಿಯ ಬಗ್ಗೆ ದೂರು ಎದ್ದದ್ದರಿಂದ, ತನಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಮಲೇಷಿಯದ ಕಂಪನಿಯೊಂದರ ಗುತ್ತಿಗೆಯನ್ನು 2021ರಲ್ಲಿ ಕಡಿದುಕೊಂಡಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ನೇಪಾಳ, ಬಾಂಗ್ಲಾದೇಶದಿಂದ ಹೋದ ವಲಸೆಗಾರರಿದ್ದರು. ಅವರೂ ನಮ್ಮ ರಾಯಚೂರಿನ ಹೆಂಗಸಿನ ಹಾಗೆ ಗುಳೆ ಹೋದವರೇ.

*

ಈಗ ಬೆನ್ನಿನ ಮಾತು. ಯಂತ್ರ ಮನೆಗೆ ಬಂದ ದಿನ ನಾವೂ ಹೋಗಿದ್ದೆವು. ಅವ್ವ ಅದರ ಸುತ್ತ ಒಂದು ಸುತ್ತು ಬಂದಳು. ಹಿಡಿ ಹಿಡಿದು ನಾಲ್ಕು ಹೆಜ್ಜೆ ತಳ್ಳಿದಳು. ಆಮೇಲೆ ನಿಲ್ಲಿಸಿ, ‘ನಿಂತ್ಕಂಡೇ ಗುಡಿಸ್ಬೋದು ಅನ್ನಂಗಿದ್ರೆ, ಆ ಪೊರಕೆಗೇ ಒಂದು ಉದ್ದನೇ ಕೋಲು ಕಟ್ಕೊಟ್ಟಿದ್ರೆ ಆಯ್ತಿರ್ಲಿಲ್ವೇನ್ಲಾ ಮಗ? ಇಷ್ಟು ದಿನ ಯಾರೂ ಯಾಕ್ ಕಟ್ಟಿಕೊಡ್ಲಿಲ್ಲ?’ ಅಂದಳು.

ನಮ್ಮ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಿಜವಲ್ಲವೆ? ಬೆನ್ನು ನೆಟ್ಟಗಾಗಲು ಲಿಥಿಯಂ ಬೇಕಿರಲಿಲ್ಲ, ಮೋಟಾರು ಬೇಕಿರಲಿಲ್ಲ, ನಲವತ್ತು ಸಾವಿರ ಬೇಕಿರಲಿಲ್ಲ. ಒಂದು ಮೊಳದ ಪೊರಕೆಗೆ ಮೂರು ಮೊಳದ ಕೋಲು ಕಟ್ಟಿದ್ದರೆ ಸಾಕಿತ್ತು. ಬೀದಿ ಗುಡಿಸುವ ಕಡ್ಡಿ ಪೊರಕೆಗೆ ಆ ಕೋಲು ಬಂದಿದೆ. ಮನೆಯೊಳಗಿನ ಪೊರಕೆ ಗಿಡ್ಡವಾಗಿಯೇ ಉಳಿಯಿತು. ಬಗ್ಗುವವರು ಹೇಳುವಂತಿರಲಿಲ್ಲ, ಹೇಳಬಲ್ಲವರು ಬಗ್ಗಲಿಲ್ಲ. ಗೌಡರ ಅಂಗಳದಲ್ಲಿ ಗೌಡರ ಮುಂದೆ ನೆಟ್ಟಗೆ ನಿಂತು ಗುಡಿಸುವ ಹೊಲತಿಯನ್ನು ಆ ಊರು ಸಹಿಸುತ್ತಿತ್ತೆ?

ಇದು ನಮ್ಮ ಅನುಮಾನವಷ್ಟೇ ಅಲ್ಲ. ದೂರದ ಕ್ಯಾಲಿಫೋರ್ನಿಯದ ಹೊಲಗಳಲ್ಲಿ ಮೆಕ್ಸಿಕೋ ಮೂಲದ ಕೂಲಿಗಳಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ಅದನ್ನು ಹಿಡಿದು ಇಡೀ ದಿನ ಬಗ್ಗಿಯೇ ಕಳೆ ತೆಗೆಯಬೇಕು. ಉದ್ದ ಹಿಡಿ ಹಾಕಿದರೆ ಬೆಳೆ ಹಾಳಾಗುತ್ತದೆ ಅಂತ ಜಮೀನುದಾರರು ಹೇಳುತ್ತಿದ್ದರು. ಕೂಲಿಗಳಿಗೆ ಗೊತ್ತಿದ್ದ ಕಾರಣ ಬೇರೆ. ಹಿಡಿ ಗಿಡ್ಡವಾಗಿದ್ದರೆ ಯಾರು ಕೆಲಸ ಬಿಟ್ಟು ನೆಟ್ಟಗೆ ನಿಂತರು ಅಂತ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ. ಕೂಲಿಗಳು ಹೋರಾಡಿದರು, ಕೋರ್ಟಿಗೂ ಹೋದರು. 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಿತ್ತು. ಒಂದು ಹಿಡಿಯ ಉದ್ದ ಎಷ್ಟಿರಬೇಕು ಅನ್ನುವುದು ಕೂಡ ರಾಜಕೀಯ ಪ್ರಶ್ನೆ, ನೀತಿಯ ಪ್ರಶ್ನೆ. ಬಗ್ಗಿದ ಬೆನ್ನು ಕೆಲಸದ ಅಗತ್ಯ ಅಲ್ಲ, ಒಡೆತನದ ಅಗತ್ಯ.

*

ಕೊನೆಗೆ ನಮ್ಮ ಕಡೆಗೇ ಬೆರಳು ತಿರುಗಿಸಿಕೊಳ್ಳಬೇಕು. ಈ ಬರಹ ಬರೆಯುತ್ತಿರುವ ನಮ್ಮ ಮನೆಗಳಲ್ಲಿ ಬೆಳಗ್ಗೆ ಗುಡಿಸಿದವರು ಯಾರು? ಕ್ರಾಂತಿಗೀತೆ ಹಾಡಿ ಮುಗಿದ ಮೇಲೆ ಸಭೆಯ ಪೆಂಡಾಲಿನಲ್ಲಿ ಬಿದ್ದ ಕಾಗದದ ಲೋಟ ಆರಿಸಿದವರು ಯಾರು? ಶಿಬಿರಗಳಲ್ಲಿ ಅಡಿಗೆ ಮನೆ ಬಳಿದವರು ಯಾರು? ನಮ್ಮ ಹೆಂಗಸರು, ನಮ್ಮ ಹುಡುಗಿಯರು. ಮೇಲ್ಜಾತಿಯವನು ನಮ್ಮ ಮೇಲೆ ಹೊರಿಸಿದ್ದನ್ನು ನಾವು ಹಾಗೇ ಇಳಿಸಿ ಅವರ ತಲೆಗಿಟ್ಟೆವು. ಹಳ್ಳಿಯ ಶಾಲೆಗಳಲ್ಲಿರುವ ಮೇಷ್ಟ್ರುಗಳನ್ನೂ ಕೇಳುತ್ತೇವೆ. ನಿಮ್ಮ ತರಗತಿ ಗುಡಿಸಲು ಸರದಿ ಇದೆಯೆ, ಅಥವಾ ಕೇರಿಯ ಮಕ್ಕಳ ಹೆಸರೇ ದಿನಾ ಬಾಯಿಗೆ ಬರುತ್ತದೆಯೆ? ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ್ದು ಯಾವುದೋ ಕತ್ತಲೆ ಕಾಲದಲ್ಲಲ್ಲ, 2023ರಲ್ಲಿ. ಪೊರಕೆ ಹಿಡಿಯುವುದು ಅವಮಾನವಲ್ಲ. ಒಬ್ಬರೇ ಹಿಡಿಯಬೇಕು, ಅದೂ ಹುಟ್ಟಿನಿಂದ ಹಿಡಿಯಬೇಕು ಅನ್ನುವುದು ಅವಮಾನ. ನಾಲ್ಕೂ ಬೀದಿಯ ಮಕ್ಕಳು ಸರದಿಯ ಮೇಲೆ ಹಿಡಿದ ಪೊರಕೆಯಲ್ಲಿ ಮೈಲಿಗೆ ಇರುವುದಿಲ್ಲ.

ಗೆಳೆಯನಿಗೆ ನಾವು ಹೇಳಿದ್ದು ಇಷ್ಟು. ತಗೊಳ್ಳಪ್ಪ, ಸಂಕೋಚ ಬೇಡ. ನಮ್ಮವರು ಯಂತ್ರ ಕೊಂಡರೆ ಅದರಲ್ಲಿ ಪಾಪವೇನಿಲ್ಲ. ಮುಂಗೈ ಮೇಲೆ ಭಾರ ಹಾಕದ್ದು ನೋಡು, ಬುಡದಲ್ಲಿ ಮೋಟಾರು ಇರುವುದು ಒಳ್ಳೆಯದು. ಬ್ಯಾಟರಿ ಬಿಚ್ಚಿ ಬೇರೆ ಹಾಕುವಂತಿರಬೇಕು, ನಮ್ಮೂರಲ್ಲಿ ರಿಪೇರಿ ಆಗುವಂತಿರಬೇಕು. ಪಾಸ್ಕಲ್ ನೋಡಿ ಮೋಸಹೋಗಬೇಡ. ಆಮೇಲೆ ಹಾಳೆಯಲ್ಲಿ ಇನ್ನು ಮೂರು ಕಾಲಂ ಎಳಿ. ಓಡಿಸುವವರು ಯಾರು? ಡಬ್ಬಿ ಬರಿದು ಮಾಡುವವರು ಯಾರು? ಉಳಿದ ಸಮಯ ಯಾರದು?

ಅವನು ಮೂರನೆಯದನ್ನೇ ಕೊಂಡ. ಮೂರು ಕಾಲಮ್ಮಿನ ಬಗ್ಗೆ ಮನೆಯಲ್ಲಿ ಎರಡು ದಿನ ಜಗಳ ಆಯಿತಂತೆ. ಈಗ ಅವನೂ ಹೆಂಡತಿಯೂ ಮಗನೂ ಸರದಿ ಹಾಕಿಕೊಂಡಿದ್ದಾರೆ. ಕೆಲಸದ ಹೆಂಗಸು ಬರುವ ದಿನಗಳಲ್ಲಿ ಅವಳೂ ಓಡಿಸುತ್ತಾಳೆ, ಸಂಬಳದಲ್ಲಿ ಒಂದು ಪೈಸೆಯೂ ಇಳಿದಿಲ್ಲ, ಅರ್ಧ ಗಂಟೆ ಮುಂಚೆ ಹೋಗುತ್ತಾಳೆ. ಆದರೆ ಡಬ್ಬಿಯನ್ನು ಮನೆಯವರೇ ಬರಿದು ಮಾಡಬೇಕು, ಅದು ಕಟ್ಟಳೆ. ‘ಕಸ ನಿಮ್ದು, ನೀವss ಒಗೀರಿ’ ಅಂತ ಅವಳೇ ನಕ್ಕು ಹೇಳಿದಳಂತೆ. ಮಗ ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದ. ಅವನ ಅಜ್ಜಿ, ‘ಅದು ನಿನ್ ಕಾಲಿಂದಾನೇ ಬಂದಿರೋ ಧೂಳು ಕಣ್ಲಾ, ಮೂಗ್ ಬಿಡು’ ಅಂದಳು.

ಇದರಿಂದ ಜಾತಿ ಹೋಗಿಬಿಟ್ಟಿತೆ? ಇಲ್ಲ. ಒಂದು ಮನೆಯಲ್ಲಿ ಒಂದು ಡಬ್ಬಿಯ ವಿಷಯದಲ್ಲಿ ಒಂದು ಕಟ್ಟಳೆ ಬದಲಾಯಿತು, ಅಷ್ಟೆ. ಊರ ಚರಂಡಿ, ಶಾಲೆಯ ಅಂಗಳ, ಗೌಡರ ಕೊಟ್ಟಿಗೆ ಇನ್ನೂ ಹಾಗೇ ಇವೆ. ಅಲ್ಲಿಗೂ ಇದೇ ಮೂರು ಪ್ರಶ್ನೆ ಹಿಡಿದು ಹೋಗಬೇಕು. ನಿಮ್ಮ ಬೀದಿಯಲ್ಲಿ, ನಿಮ್ಮ ಶಾಲೆಯಲ್ಲಿ, ನಿಮ್ಮ ಸಂಘಟನೆಯ ಕಛೇರಿಯಲ್ಲಿ ಕೇಳಿ ನೋಡಿ. ಯಾರು ಗುಡಿಸ್ತಾರೆ, ಯಾರು ಎತ್ತಿ ಹಾಕ್ತಾರೆ, ಉಳಿದ ಹೊತ್ತು ಯಾರ ಪಾಲಿಗೆ ಬರುತ್ತೆ? ಸಿಕ್ಕ ಉತ್ತರವನ್ನು ನಮಗೂ ಬರೆದು ತಿಳಿಸಿ.